ಒಲೆಬುಡದ ಮಾತು: ಗೋಡೆಗೆ ಹೊಡೆಯುವ ಬ್ರೆಡ್ಡು ಮತ್ತು ಇತರ ಪ್ರಶ್ನೆಗಳು

ಕಳೆದ ತಿಂಗಳು ಅಂಕಣದ ಕೊನೆಗೆ ಸ್ವಲ್ಪ ಜಾಗ ಉಳಿದಿತ್ತು ಅಂತ ನಮ್ಮನೆಯ ಬ್ರೆಡ್ಡಿನ ಬಗ್ಗೆ ಎಂಟು ಸಾಲು ಗೀಚಿದ್ದೆ. ಮಿಡಿ ಉಪ್ಪಿನಕಾಯಿ ಬಗ್ಗೆ ಎರಡು ಪುಟ ಬರೆದಾಗ ಒಂದು ಕಾರ್ಡೂ ಬಂದಿರಲಿಲ್ಲ. ಈ ಎಂಟು ಸಾಲಿಗೆ ಬಂದ ಕಾಗದಗಳನ್ನು ಅಕ್ಕಿ ಡಬ್ಬದ ಮೇಲೆ ಒಟ್ಟಿದ್ದೇನೆ, ಡಬ್ಬ ತೆರೆಯಬೇಕಾದರೆ ಅದನ್ನೆಲ್ಲ ಎತ್ತಿಡಬೇಕು. ಹಾಗಾಗಿ ಈ ಸಲ ಪೂರ್ತಿ ಜಾಗ ಬ್ರೆಡ್ಡಿಗೇ.

ಮೊದಲೇ ಹೇಳಿಬಿಡುತ್ತೇನೆ, ನಾನು ಬೇಕರಿ ಕೆಲಸ ಕಲಿತವಳಲ್ಲ. ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಒಳಗೆ ಅಡಿಕೆ ತೋಟದ ನಡುವೆ ನಮ್ಮ ಮನೆ. ಬಸ್ಸಿಳಿದು ಇಪ್ಪತ್ತು ನಿಮಿಷ ನಡೆಯಬೇಕು. ಮಕ್ಕಳು ಚಿಕ್ಕವರಿದ್ದಾಗ ಬ್ರೆಡ್ಡು ಬೇಕು ಅಂತ ಹಟ ಹಿಡಿದರೆ ಪೇಟೆಗೆ ಓಡುವುದಕ್ಕಾಗುತ್ತಿರಲಿಲ್ಲ. ಅದಕ್ಕೇ ಕಲಿತದ್ದು. ಹಾಳು ಮಾಡಿ ಮಾಡಿ ಕಲಿತದ್ದು.

*

ಅಕ್ಕಾ, ನೀವು ಬರೆದ ಹಾಗೇ ಮೈದಾ, ಈಸ್ಟ್, ಸಕ್ಕರೆ, ಉಪ್ಪು ಎಲ್ಲ ಹಾಕಿ ಕಲಸಿದೆ. ಎರಡು ಗಂಟೆ ಕಾದರೂ ಹಿಟ್ಟು ಉಬ್ಬಲಿಲ್ಲ. ಆದರೂ ಬೇಯಿಸಿದೆ. ಗೋಡೆಗೆ ಹೊಡೆದರೆ ಗೋಡೆಯೇ ಬಿರಿಯಬೇಕು, ಹಾಗಿತ್ತು. ಎಲ್ಲಿ ತಪ್ಪಿದೆ?
— ಓದುಗರು, ಪೆರ್ಲ

ತಂಗೀ, ನೀರು ಎಷ್ಟು ಬಿಸಿ ಇತ್ತು? ಎಲ್ಲ ಬರೆದಿದ್ದೀರಿ, ಅದೊಂದನ್ನು ಬರೆದಿಲ್ಲ. ನನಗೆ ಅನುಮಾನ ಅಲ್ಲೇ.

ನನ್ನ ಮೊದಲ ಬ್ರೆಡ್ಡಿನ ಕಥೆ ಕೇಳಿ. ಈಸ್ಟ್ ಬಿಸಿನೀರಲ್ಲಿ ನೆನೆಹಾಕಬೇಕು ಅಂತ ಯಾರೋ ಹೇಳಿದ್ದರು. ಬಿಸಿನೀರು ಅಂದರೆ ನಮಗೆ ಬಚ್ಚಲ ಹಂಡೆಯ ನೀರು ತಾನೇ? ಕುದಿಯುತ್ತಿದ್ದ ನೀರು ಸುರಿದೆ. ಈಸ್ಟ್ ಅಲ್ಲೇ ಸತ್ತಿತ್ತು, ನನಗೆ ಗೊತ್ತಿರಲಿಲ್ಲ. ನಾದಿದೆ, ಮುಚ್ಚಿಟ್ಟೆ, ಅರ್ಧ ಗಂಟೆಗೊಮ್ಮೆ ಬಟ್ಟೆ ಎತ್ತಿ ನೋಡಿದೆ. ಉಂಡೆ ಇಟ್ಟಲ್ಲೇ ಇತ್ತು. ಮೈದಾ ಹಾಳಾಯಿತಲ್ಲ ಅಂತ ಹೊಟ್ಟೆ ಉರಿದು ಹಾಗೇ ಬೇಯಿಸಿದೆ. ಅತ್ತೆ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, “ಇದೆಂತರ ಕೂಸೇ, ಕಡವ ಕಲ್ಲಿನ ಗುಂಡೋ?” ಅಂದರು. ಕೊನೆಗೆ ನೀರಲ್ಲಿ ನೆನೆಹಾಕಿ ದನಕ್ಕೆ ಕೊಟ್ಟದ್ದು. ನಮ್ಮಲ್ಲಿ ಆಗ ಇದ್ದದ್ದು ಕಾಸರಗೋಡು ಗಿಡ್ಡ. ಗುಡ್ಡದ ಮುಳ್ಳುಪೊದೆಯನ್ನೇ ತಿಂದು ಬದುಕುವ ಜಾತಿ. ಅದು ಕೂಡ ಒಮ್ಮೆ ಮೂಸಿ ನನ್ನ ಮುಖ ನೋಡಿತು.

ಈಸ್ಟ್ ಜೀವ ಇರುವ ವಸ್ತು. ಉಗುರು ಬೆಚ್ಚಗಿನ ನೀರು, ಅಂದರೆ ಸುಮಾರು 38ರಿಂದ 40 ಡಿಗ್ರಿ ಅದಕ್ಕೆ ಹಿತ. 60 ಡಿಗ್ರಿ ಮುಟ್ಟುವಷ್ಟರಲ್ಲಿ ಸತ್ತೇ ಹೋಗುತ್ತದೆ. ಥರ್ಮಾಮೀಟರ್ ಬೇಡ. ಎಳೆ ಮಗುವಿಗೆ ಸ್ನಾನ ಮಾಡಿಸುವ ಮೊದಲು ಮೊಣಕೈ ಅದ್ದಿ ನೋಡುತ್ತೇವಲ್ಲ, ಅಷ್ಟೇ ಬಿಸಿ. ಅದರಲ್ಲಿ ಒಂದು ಚಮಚ ಸಕ್ಕರೆ ಕರಗಿಸಿ ಈಸ್ಟ್ ಉದುರಿಸಿ ಹತ್ತು ನಿಮಿಷ ಬಿಡಿ. ಮೇಲೆ ನೊರೆ ಬಂದರೆ ಜೀವ ಇದೆ. ಬರದಿದ್ದರೆ ಈಸ್ಟ್ ಹಳತು, ಚೆಲ್ಲಿ. ಮೈದಾ ಉಳಿಯಿತಲ್ಲ. ಪುಟ್ಟ ಕಾಳಿನ ಇನ್‌ಸ್ಟಂಟ್ ಈಸ್ಟ್ ಆದರೆ ನೆನೆಹಾಕುವುದೇ ಬೇಡ, ಒಣ ಹಿಟ್ಟಿಗೇ ಬೆರೆಸಬಹುದು. ಆದರೆ ಒಡೆದ ಪ್ಯಾಕೆಟ್ಟನ್ನು ನಮ್ಮ ಮಳೆಗಾಲದಲ್ಲಿ ಹೊರಗಿಡಬೇಡಿ. ಬಿಗಿ ಮುಚ್ಚಳದ ಕುಪ್ಪಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ.

ಅಳತೆ ಇನ್ನೊಮ್ಮೆ ಕೊಡುತ್ತೇನೆ, ಕಳೆದ ಸಲದ್ದನ್ನು ಯಾರೋ ಕತ್ತರಿಸಿಟ್ಟುಕೊಂಡು ಕಳೆದುಕೊಂಡರಂತೆ. ಮೈದಾ 250 ಗ್ರಾಂ, ಇನ್‌ಸ್ಟಂಟ್ ಈಸ್ಟ್ ಒಂದು ಟೀ ಚಮಚ, ಉಪ್ಪು 5 ಗ್ರಾಂ, ಸಕ್ಕರೆ ಒಂದು ದೊಡ್ಡ ಚಮಚ, ಬೆಣ್ಣೆ ಅಥವಾ ತೆಂಗಿನೆಣ್ಣೆ ಒಂದು ದೊಡ್ಡ ಚಮಚ, ನೀರು 150ರಿಂದ 160 ಮಿಲಿ. ಉಪ್ಪು ಬರೀ ರುಚಿಗೆ ಅಂತ ತಿಳಿಯಬೇಡಿ. ಅದು ಈಸ್ಟಿನ ಅವಸರಕ್ಕೆ ಕಡಿವಾಣ ಹಾಕುತ್ತದೆ, ಹಿಟ್ಟಿಗೆ ಬಿಗಿ ಕೊಡುತ್ತದೆ. ಒಮ್ಮೆ ಮರೆತಿದ್ದೆ. ಹಿಟ್ಟು ಪಾತ್ರೆ ಬಿಟ್ಟು ಹೊರಗೆ ಹರಿಯಿತು, ತಿಂದರೆ ಮಾತ್ರ ಸಪ್ಪೆ.

ಕಲಸಿದ ಹಿಟ್ಟು ಮೊದಲಿಗೆ ಕೈಗೆ ಅಂಟುತ್ತದೆ. ಎಲ್ಲರೂ ತಪ್ಪುವುದು ಇಲ್ಲೇ. ಅಂಟುತ್ತದೆ ಅಂತ ಇನ್ನೊಂದು ಮುಷ್ಟಿ ಮೈದಾ ಹಾಕುತ್ತಾರೆ. ಹಾಕಬೇಡಿ. ಚಪಾತಿ ಹಿಟ್ಟಿನ ಲೆಕ್ಕ ಇಲ್ಲಿಗೆ ಬರುವುದಿಲ್ಲ. ಹತ್ತು ನಿಮಿಷ ಅಂಗೈ ಬುಡದಿಂದ ಮುಂದಕ್ಕೆ ತಳ್ಳಿ, ಮಡಚಿ, ತಿರುಗಿಸಿ, ಮತ್ತೆ ತಳ್ಳಿ. ಐದನೆಯ ನಿಮಿಷಕ್ಕೆ ಸೋಲುತ್ತೀರಿ. ಏಳನೆಯ ನಿಮಿಷಕ್ಕೆ ಹಿಟ್ಟು ತಾನಾಗಿ ಕೈ ಬಿಡುತ್ತದೆ, ಮೈ ನುಣುಪಾಗುತ್ತದೆ. ಒಂದು ನಿಂಬೆ ಗಾತ್ರ ಕಿತ್ತು ಎರಡೂ ಕೈಯಿಂದ ಮೆಲ್ಲ ಎಳೆದು ಕಿಟಕಿಗೆ ಹಿಡಿಯಿರಿ. ಹರಿಯದೆ, ಆಚೆಯ ಬೆಳಕು ಮಸುಕಾಗಿ ಕಾಣುವಷ್ಟು ತೆಳ್ಳಗಾದರೆ ನಾದಿದ್ದು ಸಾಕು.

ಇನ್ನು ಎಷ್ಟು ಹೊತ್ತು ಇಡಬೇಕು? ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಏಪ್ರಿಲ್ ಸೆಕೆಗೆ ನಮ್ಮಲ್ಲಿ ಮುಕ್ಕಾಲು ಗಂಟೆ ಸಾಕು. ಜನವರಿ ಬೆಳಿಗ್ಗೆ ಎರಡು ಗಂಟೆಯೂ ಬೇಕು. ದೋಸೆ ಹಿಟ್ಟು ಹುಳಿ ಬರುವುದಕ್ಕೆ ನೀವು ಗಡಿಯಾರ ಇಡುತ್ತೀರಾ? ಇಲ್ಲ ಅಲ್ವಾ? ಇದೂ ಹಾಗೇ. ಗಾತ್ರ ಎರಡರಷ್ಟಾಗಬೇಕು. ಬೆರಳಿನಿಂದ ಒತ್ತಿದರೆ ಗುಳಿ ಮೆಲ್ಲಮೆಲ್ಲನೆ ಅರ್ಧ ಮೇಲೆ ಬರಬೇಕು. ಆಮೇಲೆ ಗಾಳಿ ಹೋಗುವಂತೆ ಒತ್ತಿ, ಉದ್ದಕ್ಕೆ ಸುರುಳಿ ಸುತ್ತಿ, ಎಣ್ಣೆ ಸವರಿದ ಪಾತ್ರೆಗೆ ಹಾಕಿ ಇನ್ನೊಮ್ಮೆ ಅರ್ಧ ಗಂಟೆ ಬಿಡಿ. ಒಲೆ ಕಾಯಿಸುವುದು ಅದರ ನಂತರ.

*

ನಮ್ಮಲ್ಲಿ ಓವನ್ ಇಲ್ಲ. ತರುವ ಅಂದಾಜೂ ಇಲ್ಲ. ಕುಕ್ಕರಿನಲ್ಲಿ ಆಗುತ್ತದೆ ಅಂತಾರೆ, ನಿಜವಾ? ಕಟ್ಟಿಗೆ ಒಲೆ ಇದೆ, ಅದರಲ್ಲಿ?
— ಓದುಗರು, ಧರ್ಮತ್ತಡ್ಕ

ಎರಡರಲ್ಲೂ ಆಗುತ್ತದೆ. ನಾನು ಓವನ್ ಕಂಡದ್ದೇ ಮಗಳಿಗೆ ಕೆಲಸ ಸಿಕ್ಕಿದ ಮೇಲೆ. ಈಗಲೂ ಮಳೆಗಾಲದಲ್ಲಿ ಅದನ್ನು ನಂಬುವುದಿಲ್ಲ. ಬ್ರೆಡ್ಡು ಅರ್ಧ ಬೆಂದಾಗಲೇ ಕರೆಂಟು ಹೋಗುವುದು ನಮ್ಮ ಕಡೆಯ ಪದ್ಧತಿ.

ಕುಕ್ಕರಿಗೆ ಹಳತೊಂದನ್ನು ಇದಕ್ಕೇ ಅಂತ ಬೇರೆ ಇಡಿ. ಒಣಗಿ ಕಾದದ್ದು ಮತ್ತೆ ಅನ್ನಕ್ಕೆ ಒಳ್ಳೆಯದಲ್ಲ. ಮುಚ್ಚಳದ ರಬ್ಬರು ತೆಗೆಯಿರಿ, ವಿಸಿಲ್ ತೆಗೆಯಿರಿ. ಇವೆರಡನ್ನು ಮರೆಯಬೇಡಿ. ತಳಕ್ಕೆ ಒಂದು ಇಂಚು ಕಲ್ಲುಪ್ಪು ಅಥವಾ ತೊಳೆದು ಒಣಗಿಸಿದ ಹೊಯಿಗೆ, ಅಂದರೆ ಮರಳು ಹಾಕಿ. ಅದರ ಮೇಲೊಂದು ಸ್ಟ್ಯಾಂಡ್. ಹತ್ತು ನಿಮಿಷ ಖಾಲಿ ಕಾಯಿಸಿ, ಆಮೇಲೆ ಬ್ರೆಡ್ಡಿನ ಪಾತ್ರೆ ಇಳಿಸಿ ಉರಿ ಸಣ್ಣ ಮಾಡಿ ಮುಚ್ಚಿ. 40 ನಿಮಿಷ ಮುಚ್ಚಳ ತೆರೆಯಬೇಡಿ. ಮೇಲ್ಭಾಗ ಬೆಳ್ಳಗೇ ಇರುತ್ತದೆ, ಬೇಸರ ಬೇಡ. ಹೊರಗೆ ತೆಗೆದು ಕವುಚಿ ಹಾಕಿ ದೋಸೆ ಕಾವಲಿಯಲ್ಲಿ ಸ್ವಲ್ಪ ಬೆಣ್ಣೆಯೊಂದಿಗೆ ಮೂರು ನಿಮಿಷ ಕೆಂಪು ಮಾಡಿಕೊಳ್ಳಿ. ತಳಕ್ಕೆ ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರಬೇಕು. ದಪ್ಪ ಸದ್ದು ಬಂದರೆ ಒಳಗೆ ಹಸಿ.

ಕಟ್ಟಿಗೆ ಒಲೆಯ ರುಚಿಯೇ ಬೇರೆ, ಆದರೆ ಕಾಯುವ ತಾಳ್ಮೆ ಬೇಕು. ದಪ್ಪ ತಳದ ಬಾಣಲೆ, ಅದಕ್ಕೆ ಸರಿಯಾಗಿ ಕೂರುವ ಕಬ್ಬಿಣದ ಮುಚ್ಚಳ. ಒಲೆಯಲ್ಲಿ ಉರಿ ಇರಬಾರದು, ಗೆಂಡ ಮಾತ್ರ. ಮುಚ್ಚಳದ ಮೇಲೂ ಗೆಂಡ. ಕೆಳಗಿಗಿಂತ ಮೇಲೆ ಸ್ವಲ್ಪ ಜಾಸ್ತಿಯೇ ಇರಲಿ, ತಳ ಬೇಗ ಹಿಡಿಯುತ್ತದೆ. ಗೆರಟೆಯ ಗೆಂಡ ಚುರುಕು, ಆದರೆ ಬೇಗ ಬೂದಿಯಾಗುತ್ತದೆ. ಗಟ್ಟಿ ಸೌದೆಯದ್ದಾದರೆ ಕೊನೆಯವರೆಗೂ ನಿಲ್ಲುತ್ತದೆ. ನಾನು ಅರ್ಧ ಅದು, ಅರ್ಧ ಇದು ಹಾಕುತ್ತೇನೆ. ಬೆಂದ ಬ್ರೆಡ್ಡನ್ನು ಬಾಣಲೆಯಿಂದ ಎತ್ತುವುದಕ್ಕೆ ಅಡಿಕೆ ಹಾಳೆಯ ಒಂದು ತುಂಡು ಕತ್ತರಿಸಿಟ್ಟುಕೊಳ್ಳಿ. ಬದಿಯಿಂದ ತೂರಿಸಿದರೆ ತಳದವರೆಗೆ ಬಾಗಿ ಹೋಗುತ್ತದೆ, ಕೈ ಸುಡುವುದಿಲ್ಲ. ಯಾವ ಅಂಗಡಿಯ ಚಟ್ಟುಗವೂ ಅಷ್ಟು ಚೆನ್ನಾಗಿ ಬಾಗುವುದಿಲ್ಲ.

*

ಮನೆಯಲ್ಲಿ ಅಜ್ಜಿ ಈಸ್ಟ್ ಅಡುಗೆಮನೆಗೆ ತರಲು ಬಿಡುವುದಿಲ್ಲ. “ಅದು ಹುಳವಂತೆ” ಅನ್ನುತ್ತಾರೆ. ಈಸ್ಟ್ ಸಸ್ಯಾಹಾರವಾ? ಬೇರೆ ದಾರಿ ಇದೆಯಾ?
— ಓದುಗರು, ಬೇಳ

ಹುಳ ಅಲ್ಲ. ಅಣಬೆಯ ಜಾತಿಗೆ ಸೇರಿದ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವ. ನಿಮ್ಮ ಇಡ್ಲಿ ಹಿಟ್ಟು ಉಬ್ಬುವುದೂ ಇಂಥ ಕಾಣದ ಜೀವಗಳಿಂದಲೇ. ಅಜ್ಜಿಯ ಹತ್ತಿರ ವಾದ ಮಾತ್ರ ಮಾಡಬೇಡಿ. ಅಣಬೆ ತಿನ್ನದ ಮನೆ ಅದಾದರೆ ನನ್ನ ಉತ್ತರದಿಂದ ನಿಮಗೇ ಕಷ್ಟ.

ಬೇರೆ ದಾರಿ ಇದೆ. ಕಳ್ಳಿನಲ್ಲಿ ತಾನಾಗಿಯೇ ಈಸ್ಟ್ ಇರುತ್ತದೆ, ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಇಡ್ಲಿಯಂಥ ಸನ್ನಾಸ್ ಉಬ್ಬುವುದು ಅದರಿಂದ. ಕಳ್ಳು ಮುಟ್ಟದವರು ಬೆಳೆದ ತೆಂಗಿನಕಾಯಿಯ ನೀರು ಬಳಸುತ್ತಾರೆ. ಅಪ್ಪಕ್ಕೆ ಇಲ್ಲಿ ಎಷ್ಟೋ ಮನೆಗಳಲ್ಲಿ ಅದೇ. ಒಂದು ಲೋಟ ಕಾಯಿನೀರಿಗೆ ಒಂದು ಚಮಚ ಸಕ್ಕರೆ ಹಾಕಿ, ಬಟ್ಟೆ ಕಟ್ಟಿ, ಒಂದು ರಾತ್ರಿ ಬಿಟ್ಟರೆ ಸಣ್ಣ ಗುಳ್ಳೆ ಬರುತ್ತದೆ. ಅದರಲ್ಲೇ ಹಿಟ್ಟು ಕಲಸಿ. ಉಬ್ಬುವುದಕ್ಕೆ ಐದಾರು ಗಂಟೆ. ಸ್ವಲ್ಪ ಹುಳಿ ವಾಸನೆ ಇರುತ್ತದೆ, ನನಗೆ ಅದೇ ಇಷ್ಟ. ಬೇಸಿಗೆಯಲ್ಲಿ ನನಗೆ ಮೂರರಲ್ಲಿ ಎರಡು ಸಲ ಸರಿ ಬಂದಿದೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಒಮ್ಮೆಯೂ ಬರಲಿಲ್ಲ. ಕೆಟ್ಟ ವಾಸನೆಯೋ ಬಣ್ಣವೋ ಕಂಡರೆ ಸುಮ್ನೆ ತೆಂಗಿನ ಬುಡಕ್ಕೆ ಚೆಲ್ಲಿ.

*

ಮೈದಾ ಬೇಡ ಅಂತ ಮನೆಯಲ್ಲಿ ಹಟ. ಪೂರ್ತಿ ಗೋಧಿ ಹಿಟ್ಟಿನಲ್ಲಿ ಮಾಡಿದರೆ ಇಟ್ಟಿಗೆ. ಅಕ್ಕಿ ಹಿಟ್ಟಿನಲ್ಲಿ ಮಾಡಿದರೆ ಪುಡಿಪುಡಿ. ನಾವು ಅಕ್ಕಿ ತಿನ್ನುವ ಜನ, ಅಕ್ಕಿಯಲ್ಲಿ ಬ್ರೆಡ್ಡು ಆಗುವುದೇ ಇಲ್ಲವಾ?
— ಓದುಗರು, ಅಡೂರು

ಅಕ್ಕಿಯಲ್ಲಿ ಆ ಎಳೆತ ಇಲ್ಲ. ಗೋಧಿ ನಾದಿದರೆ ಬರುವ ರಬ್ಬರಿನಂಥ ಬಲೆಗೆ ಗ್ಲುಟೆನ್ ಅನ್ನುತ್ತಾರೆ. ಈಸ್ಟ್ ಬಿಡುವ ಗಾಳಿಯನ್ನು ಹಿಡಿದಿಡುವುದು ಆ ಬಲೆ. ಅಕ್ಕಿಯಲ್ಲಿ ಬಲೆಯೇ ಇಲ್ಲ, ಗಾಳಿ ತಪ್ಪಿಸಿಕೊಳ್ಳುತ್ತದೆ. ಗಿರಣಿಯ ಗೋಧಿ ಹಿಟ್ಟಿನಲ್ಲಿ ಬಲೆ ಉಂಟು, ಆದರೆ ತೌಡಿನ ಚೂರುಗಳು ಅದನ್ನು ಅಲ್ಲಲ್ಲಿ ಕೊಯ್ದುಬಿಡುತ್ತವೆ. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಅಂತ ರಾಜಿ ಮಾಡಿಕೊಳ್ಳಿ. ಗೋಧಿ ಹಿಟ್ಟು ಜಾಸ್ತಿ ನೀರು ಕುಡಿಯುತ್ತದೆ, ಎರಡು ಮೂರು ಚಮಚ ನೀರು ಹೆಚ್ಚಿಗೆ ಹಾಕಿ, ಕಲಸಿ ಅರ್ಧ ಗಂಟೆ ಬಿಟ್ಟು ಆಮೇಲೆ ನಾದಿ.

ಅಕ್ಕಿಯನ್ನು ಬಿಡಲೇ ಆಗದಿದ್ದರೆ ಇದನ್ನು ಮಾಡಿ. ಮಧ್ಯಾಹ್ನ ಉಳಿದ ಬೆಳ್ತಿಗೆ ಅನ್ನ ಒಂದು ಮುಷ್ಟಿ ನುಣ್ಣಗೆ ಹಿಸುಕಿ ಮೈದಾಕ್ಕೆ ಸೇರಿಸಿ. ನೀರು ಸ್ವಲ್ಪ ಕಡಿಮೆ ಮಾಡಿ. ಬ್ರೆಡ್ಡು ಎರಡು ದಿನ ಮೆತ್ತಗಿರುತ್ತದೆ. ಕುಚ್ಚಿಲು ಅನ್ನ ಬೇಡ, ಕಾಳು ಕಾಳು ಸಿಗುತ್ತದೆ. ಬೇಯಿಸಿದ ಬಟಾಟೆಯೂ ಇದೇ ಕೆಲಸ ಮಾಡುತ್ತದೆ.

ಅಕ್ಕಿಯ ಹಿರಿಮೆಗೆ ಬ್ರೆಡ್ಡಿನ ಸರ್ಟಿಫಿಕೇಟು ಯಾಕೆ, ಅದೂ ಒಂದು ಪ್ರಶ್ನೆ. ನಮ್ಮ ಬೇಲಿಯಾಚೆಯ ಮನೆಯ ಉಮ್ಮ ನೋಂಬಿನ ತಿಂಗಳಲ್ಲಿ ಪತ್ತಿರಿ ಮಾಡಿ ಕಳಿಸುತ್ತಾರೆ. ಕುದಿವ ನೀರಿಗೆ ಅಕ್ಕಿ ಹಿಟ್ಟು ಹಾಕಿ ಬಾಡಿಸಿ, ಬಿಸಿ ಇರುವಾಗಲೇ ನಾದಿ, ಪತ್ರಿಕೆಯ ಹಾಳೆಗಿಂತ ಸ್ವಲ್ಪವೇ ದಪ್ಪಕ್ಕೆ ಲಟ್ಟಿಸುತ್ತಾರೆ. ಹತ್ತು ಒಟ್ಟಿದರೂ ಒಂದಕ್ಕೊಂದು ಅಂಟುವುದಿಲ್ಲ. ನಾನು ಇಪ್ಪತ್ತು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ. ನನ್ನದು ಇನ್ನೂ ರೊಟ್ಟಿಯೇ. ಪಾತ್ರೆ ಖಾಲಿ ಕಳಿಸಬಾರದು ಅಂತ ನಾನು ಬ್ರೆಡ್ಡು ಹಾಕಿ ಕಳಿಸುತ್ತೇನೆ. ಅವರಿಗೆ ಅದು ದೊಡ್ಡ ವಿಷಯ, ನನಗೆ ಪತ್ತಿರಿ ದೊಡ್ಡ ವಿಷಯ.

*

ಮಕ್ಕಳು ಶಾಲೆಯಿಂದ ಬರುವಾಗ ನಾಲ್ಕೂವರೆ. ಸ್ಯಾಂಡ್‌ವಿಚ್ ಬೇಕು ಅಂತಾರೆ. ಚೀಸ್, ಮಯೋನೀಸ್ ತರುವುದು ನನಗೆ ಇಷ್ಟ ಇಲ್ಲ. ಚಟ್ನಿ ಹಾಕಿ ಕೊಟ್ಟರೆ ಬ್ರೆಡ್ಡು ಒದ್ದೆ ಮುದ್ದೆ. ಏನು ಮಾಡಲಿ?
— ಓದುಗರು, ಕುಂಬಳೆ

ಈ ಕಾಗದಕ್ಕೆ ಕಾಯುತ್ತಿದ್ದೆ. ಬ್ರೆಡ್ಡು ಮಾಡುವುದು ಶ್ರಮ, ಸ್ಯಾಂಡ್‌ವಿಚ್ಚು ಸಂತೋಷ.

ಒದ್ದೆಯಾಗುವುದು ಯಾಕೆಂದರೆ ಚಟ್ನಿ ನೇರ ಬ್ರೆಡ್ಡಿಗೆ ತಾಗುತ್ತದೆ. ಮೊದಲು ಎರಡೂ ತುಂಡಿಗೆ ಒಳಬದಿ ಬೆಣ್ಣೆ ಸವರಿ, ಅಂಚಿನವರೆಗೂ. ಬೆಣ್ಣೆ ದಾಟಿ ನೀರು ಒಳಗೆ ಹೋಗುವುದಿಲ್ಲ. ಚಟ್ನಿಯನ್ನು ದೋಸೆಗೆ ಮಾಡುವ ಹಾಗೆ ತೆಳು ಮಾಡಬೇಡಿ. ಕಾಯಿ, ಕೊತ್ತಂಬರಿ ಸೊಪ್ಪು, ಶುಂಠಿಯ ಒಂದು ಚೂರು, ಹುಣಸೆಹಣ್ಣಿನ ಬದಲು ನಿಂಬೆ, ಗಾಂಧಾರಿ ಮೆಣಸು ಒಂದು. ಒಂದೇ. ಮಕ್ಕಳು ಅಲ್ವಾ? ನೀರು ಚಿಮುಕಿಸಿ ಅರೆದರೆ ಸಾಕು, ಚಮಚ ಕವುಚಿದರೆ ಬೀಳಬಾರದು. ಮುಳ್ಳುಸೌತೆ ಹಚ್ಚಿ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ, ಆಮೇಲೆ ಹಿಂಡಿ. ಎಷ್ಟು ನೀರು ಬಿಡುತ್ತದೆ ನೋಡಿ! ಆ ನೀರೇ ನಿಮ್ಮ ಬ್ರೆಡ್ಡನ್ನು ಮುದ್ದೆ ಮಾಡುತ್ತಿದ್ದದ್ದು. ಚೆಲ್ಲಬೇಡಿ, ಮಜ್ಜಿಗೆಗೆ ಹಾಕಿ.

ನಮ್ಮನೆಯಲ್ಲಿ ಜಾಸ್ತಿ ಬೇಡಿಕೆ ಇನ್ನೊಂದಕ್ಕೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕಿ ಬಂದ ನೇಂದ್ರ ಬಾಳೆಹಣ್ಣು, ಉದ್ದಕ್ಕೆ ತೆಳುವಾಗಿ ಸೀಳಿ ತುಪ್ಪದಲ್ಲಿ ಎರಡೂ ಬದಿ ಹುರಿಯಿರಿ. ಬ್ರೆಡ್ಡಿನ ಮೇಲೆ ಹರಡಿ, ಹೆರೆದ ಬೆಲ್ಲ ಒಂದು ಚಮಚ, ಏಲಕ್ಕಿ ಪುಡಿ ಒಂದು ಚಿಟಿಕೆ, ಮೇಲಿಂದ ಇನ್ನೊಂದು ಬ್ರೆಡ್ಡು. ಕಾವಲಿಗೆ ತುಪ್ಪ ಸವರಿ ಇಡಿ. ಒತ್ತುವುದಕ್ಕೆ ಯಂತ್ರ ಬೇಡ. ನಾನು ಒಂದು ಹಿತ್ತಾಳೆ ಚೊಂಬಿಗೆ ನೀರು ತುಂಬಿ ಬ್ರೆಡ್ಡಿನ ಮೇಲೆ ಕೂರಿಸುತ್ತೇನೆ. ಎರಡು ನಿಮಿಷಕ್ಕೆ ಚೊಂಬಿನ ತಳದ ವೃತ್ತ ಬ್ರೆಡ್ಡಿನ ಮೇಲೆ ಮೂಡುತ್ತದೆ, ಬೆಲ್ಲ ಕರಗಿ ಬದಿಯಿಂದ ಇಣುಕುತ್ತದೆ, ಕಾವಲಿಗೆ ತಾಗಿದಲ್ಲಿ ಸುರ್ರೆಂದು ಕಪ್ಪಗಾಗುತ್ತದೆ. ಆ ಕಪ್ಪು ಅಂಚಿಗೆ ನನ್ನ ಮೊಮ್ಮಕ್ಕಳಿಬ್ಬರೂ ಜಗಳ ಆಡುತ್ತಾರೆ. ಬಿಸಿ ಬೆಲ್ಲ ನಾಲಗೆ ಸುಡುತ್ತದೆ, ಸ್ವಲ್ಪ ಆರಿದ ಮೇಲೆ ಕೊಡಿ.

ಜಾಮ್ ಬದಲಿಗೆ ಹಲಸಿನಹಣ್ಣಿನ ಬೆರಟಿ ಇದ್ದರೆ ಕೇಳುವುದೇ ಬೇಡ. ಬೆರಟಿ ಗಟ್ಟಿ ಇರುತ್ತದೆ, ಚೂರು ತುಪ್ಪದೊಂದಿಗೆ ಬಿಸಿ ಮಾಡಿ ಮೆತ್ತಗಾಗಿಸಿ ಸವರಿ. ದೊಡ್ಡವರಿಗೆ? ಮಿಡಿ ಉಪ್ಪಿನಕಾಯಿಯ ರಸ ಅರ್ಧ ಚಮಚವನ್ನು ಬೆಣ್ಣೆಗೆ ಬೆರೆಸಿ, ಬ್ರೆಡ್ಡಿಗೆ ಸವರಿ, ನಡುವೆ ಸುಟ್ಟ ಹಲಸಿನ ಹಪ್ಪಳ ಮುರಿದು ಹಾಕಿ ಕೂಡಲೇ ತಿನ್ನಿ. ಕೂಡಲೇ ಅಂದರೆ ಕೂಡಲೇ. ಐದು ನಿಮಿಷ ಬಿಟ್ಟರೆ ಹಪ್ಪಳದ ಗರಿಗರಿ ಹೋಯಿತು. ಉಪ್ಪಿನಕಾಯಿಯ ಎರಡು ಪುಟಕ್ಕೆ ಕಾಗದ ಬರೆಯದವರಿಗೆ ಇದು ನನ್ನ ಸೇಡು.

ನಿನ್ನೆಯ ಬಟಾಟೆ ಪಲ್ಯ, ಸುಟ್ಟ ಬದನೆಯ ಗೊಜ್ಜು ನೀರಿಲ್ಲದ ಹಾಗೆ ಮಾಡಿದ್ದು, ಇವೆಲ್ಲ ಆಗುತ್ತವೆ. ಸಾಂಬಾರಿನ ಹೋಳು ಆಗುವುದಿಲ್ಲ. ನನ್ನ ಗಂಡ ಒಮ್ಮೆ ಮಾಡಿ ತೋರಿಸಿದ್ದಾರೆ.

*

ನಾನು ನಿವೃತ್ತ ಮೇಷ್ಟ್ರು. ಸ್ಯಾಂಡ್‌ವಿಚ್ ಎಂಬುದು ಒಬ್ಬ ಜೂಜುಗಾರನ ಹೆಸರು ಎನ್ನುತ್ತಾರೆ, ಹೌದೇ? ಬ್ರೆಡ್ಡು ನಮ್ಮ ಕಡೆಗೆ ಬಂದದ್ದು ಎಲ್ಲಿಂದ?
— ಓದುಗರು, ಮುಳ್ಳೇರಿಯಾ

ಮೇಷ್ಟ್ರೇ, ಅಡುಗೆಯವಳಿಗೆ ಪಾಠದ ಪರೀಕ್ಷೆ! ಮಗಳಿಂದ ಹುಡುಕಿಸಿ ಬರೆಯುತ್ತಿದ್ದೇನೆ. ಸ್ಯಾಂಡ್‌ವಿಚ್ ಇಂಗ್ಲೆಂಡಿನ ಒಂದು ಊರು. ಆ ಹೆಸರಿನ ಪದವಿ ಇದ್ದ ನಾಲ್ಕನೆಯ ಅರ್ಲ್ ಜಾನ್ ಮಾಂಟೆಗೂ (1718–1792). ಜೂಜಿನ ಮೇಜು ಬಿಟ್ಟೇಳದೆ ಬ್ರೆಡ್ಡಿನ ನಡುವೆ ಮಾಂಸ ಇಟ್ಟು ತಿಂದ ಅನ್ನುವ ಕಥೆ ಆ ಕಾಲದಲ್ಲೇ ಹಬ್ಬಿತ್ತು. ಜೂಜಲ್ಲ, ಕಚೇರಿ ಕೆಲಸದ ಮೇಜು ಅನ್ನುವವರೂ ಇದ್ದಾರೆ. ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ 1762ರ ತನ್ನ ದಿನಚರಿಯಲ್ಲೇ ಆ ತಿಂಡಿಯ ಹೆಸರು ಬರೆದಿದ್ದಾನೆ.

ಪಾವ್ ಎನ್ನುವ ಮಾತು ಪೋರ್ಚುಗೀಸರದ್ದು, ಅವರ ಭಾಷೆಯಲ್ಲಿ ಬ್ರೆಡ್ಡಿಗೆ ಅದೇ ಹೆಸರು. ನಮಗೆ ಹತ್ತಿರದ ಕಥೆ ಬೇಕಾದರೆ ಕಣ್ಣೂರು ದಾಟಿ ತಲಶೇರಿಗೆ ಹೋಗಬೇಕು. ಅಲ್ಲಿ ಮಂಬಳ್ಳಿ ಬಾಪು ಎನ್ನುವವರು 1880ರಲ್ಲಿ ಬಿಸ್ಕತ್ತಿನ ಬೇಕರಿ ತೆರೆದರು. ಬಿಸ್ಕತ್ತು ಮಾಡಲು ಕಲಿತದ್ದು ಬರ್ಮಾದಲ್ಲಂತೆ. 1883ರಲ್ಲಿ ಒಬ್ಬ ತೋಟದ ಸಾಹೇಬ ಕ್ರಿಸ್ಮಸ್ ಕೇಕಿನ ಮಾದರಿ ತಂದು ತೋರಿಸಿ, ಹೀಗೇ ಮಾಡಿಕೊಡು ಅಂದನಂತೆ. ಬಾಪು ಊರ ಗೇರುಹಣ್ಣು, ಬಾಳೆಹಣ್ಣಿನ ಸಾರಾಯಿ ಹಾಕಿ ಮಾಡಿದರು ಅಂತ ಆ ಕಡೆಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಊರಲ್ಲಿ ಇದ್ದದ್ದನ್ನೇ ಹಾಕಿದರಲ್ಲ, ಅದು ನನಗೆ ಬಹಳ ಹಿಡಿಸಿತು.

ಇನ್ನು ಬಾಳೆಲೆಗೆ ಅಕ್ಕಿ ಹಿಟ್ಟು ಸವರಿ, ನಡುವೆ ಕಾಯಿ ಬೆಲ್ಲ ಇಟ್ಟು ಮಡಚುವ ಗೆಣಸಲೆಗೆ ನೀವೇನು ಹೆಸರಿಡುತ್ತೀರಿ, ಮೇಷ್ಟ್ರೇ? ಅದನ್ನು ಯಾವ ಅರ್ಲ್ ಕಲಿಸಿದ?

*

ಮಳೆಗಾಲದಲ್ಲಿ ಮನೆಯ ಬ್ರೆಡ್ಡಿಗೆ ಮೂರನೆಯ ದಿನವೇ ಬೂಸ್ಟು. ಅಂಗಡಿಯದ್ದು ವಾರ ಇರುತ್ತದೆ. ಬೂಸ್ಟು ಹಿಡಿದ ಜಾಗ ಕತ್ತರಿಸಿ ತಿನ್ನಬಹುದಾ?
— ಓದುಗರು, ಬಂದಡ್ಕ

ತಿನ್ನಬೇಡಿ. ಮೇಲೆ ಕಾಣುವ ಹಸಿರು ಚುಕ್ಕಿಯ ಬೇರು ಬ್ರೆಡ್ಡಿನ ಒಳಗೆ ಕಾಣದೆ ಹರಡಿರುತ್ತದೆ. ದನಕ್ಕೂ ಹಾಕಬೇಡಿ, ಗೊಬ್ಬರದ ಗುಂಡಿಗೆ ಹಾಕಿ.

ಅಂಗಡಿಯದ್ದು ಉಳಿಯುವುದು ಬೂಸ್ಟು ತಡೆಯುವ ವಸ್ತು ಹಾಕುವುದರಿಂದ. ನಿಮ್ಮದರಲ್ಲಿ ಇಲ್ಲ, ಹಾಗಾಗಿ ಕೆಡುತ್ತದೆ. ಪೂರ್ತಿ ತಣಿದ ಮೇಲೆಯೇ ಕಟ್ಟಿಡಿ, ಬಿಸಿ ಇರುವಾಗ ಕಟ್ಟಿದರೆ ಬೆವರುತ್ತದೆ. ಎರಡು ದಿನದ್ದು ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬದಲ್ಲಿ. ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟರೆ ಬೂಸ್ಟು ತಡವಾಗಿ ಬರುತ್ತದೆ ನಿಜ, ಆದರೆ ಬ್ರೆಡ್ಡು ಬೇಗ ಒರಟಾಗುತ್ತದೆ. ಮೇಲಿನ ಫ್ರೀಜರಿನಲ್ಲಿ ತುಂಡು ಮಾಡಿ ಇಡಿ, ಬೇಕಾದಷ್ಟೇ ತೆಗೆದು ನೇರ ಕಾವಲಿಗೆ ಹಾಕಿ. ಆಟಿಯಲ್ಲಿ ನಾನು ಅರ್ಧ ಅಳತೆಯದ್ದೇ ಮಾಡುತ್ತೇನೆ.

ಒಣಗಿದ ಬ್ರೆಡ್ಡಿಗೆ ಒಗ್ಗರಣೆ: ಸಾಸಿವೆ, ಉದ್ದಿನಬೇಳೆ, ಕರಿಬೇವು, ನೀರುಳ್ಳಿ, ಮೇಲೆ ಕಾಯಿತುರಿ. ಹೆಚ್ಚು ಹೇಳುವುದಕ್ಕೇನಿಲ್ಲ.

*

ಪ್ಯಾಕೆಟ್ ಬ್ರೆಡ್ಡಿನಲ್ಲಿ ವಿಷ ಇದೆ ಅಂತ ಕೆಲವು ವರ್ಷದ ಹಿಂದೆ ಸುದ್ದಿ ಇತ್ತು. ಬ್ರೌನ್ ಬ್ರೆಡ್ ಆದರೆ ಪರವಾಗಿಲ್ಲವಾ? ನನಗೆ ಸಕ್ಕರೆ ಕಾಯಿಲೆ.
— ಓದುಗರು, ಉಪ್ಪಳ

ನೀವು ಹೇಳುವುದು 2016ರ ಸುದ್ದಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಅಲ್ಲಿನ ಬ್ರೆಡ್ಡು, ಬನ್ನುಗಳನ್ನು ಪರೀಕ್ಷೆ ಮಾಡಿ ಪೊಟ್ಯಾಸಿಯಮ್ ಬ್ರೋಮೇಟ್ ಉಳಿದಿದೆ ಎಂದಿದ್ದರು. ಹಿಟ್ಟು ಚೆನ್ನಾಗಿ ಉಬ್ಬಲಿ ಅಂತ ಹಾಕುತ್ತಿದ್ದ ವಸ್ತು ಅದು. ಅದೇ ವರ್ಷ ಜೂನಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು.

ಕಂದು ಬಣ್ಣ ಕಂಡ ಕೂಡಲೇ ಗೋಧಿ ಅಂದುಕೊಳ್ಳಬೇಡಿ. ಬಣ್ಣ ಕ್ಯಾರಮೆಲ್‌ನದ್ದೂ ಇರಬಹುದು. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದ ಪಟ್ಟಿ ಓದಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಎಂಬ ನಿಯಮ ಇದೆ. ಮೊದಲ ಹೆಸರು ಮೈದಾ ಆದರೆ ಅದು ಮೈದಾ ಬ್ರೆಡ್ಡೇ. ಎಷ್ಟು ತುಂಡು ತಿನ್ನಬಹುದು ಅಂತ ನಿಮ್ಮ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

*

ಅಕ್ಕಾ, ಬನ್ಸ್ ಮಾಡಿದರೆ ಎಣ್ಣೆ ಕುಡಿಯುತ್ತದೆ, ಉಬ್ಬುವುದಿಲ್ಲ.
— ಓದುಗರು, ಮಂಜೇಶ್ವರ

ಮೂರೇ ಮಾತು. ಬಾಳೆಹಣ್ಣು ಜಾಸ್ತಿ ಹಾಕಿ ಹಿಟ್ಟು ಸಡಿಲ ಮಾಡಿದ್ದೀರಿ. ಕಲಸಿದ ಕೂಡಲೇ ಕಾಯಿಸಿದ್ದೀರಿ, ಆರೇಳು ಗಂಟೆ ಬಿಡಬೇಕಿತ್ತು. ಎಣ್ಣೆ ಸರಿ ಕಾದಿರಲಿಲ್ಲ. ಚೂರು ಹಿಟ್ಟು ಹಾಕಿದರೆ ತಳಕ್ಕೆ ಹೋಗಿ ಕೂಡಲೇ ಮೇಲೆ ಬರಬೇಕು. ಪೂರಿಯಷ್ಟು ತೆಳು ಲಟ್ಟಿಸಬೇಡಿ, ಬನ್ಸ್ ದಪ್ಪ ಇರಲಿ.

*

ನಾನು ಪುಣೆಯಲ್ಲಿದ್ದೇನೆ, ಮನೆ ಬದಿಯಡ್ಕದ ಹತ್ತಿರ. ಅಪ್ಪನಿಗೆ 84, ಹಲ್ಲಿಲ್ಲ. ಸಣ್ಣವರಿದ್ದಾಗ ಜ್ವರ ಬಂದರೆ ಕೊಡುತ್ತಿದ್ದ ಹಾಲು ಬ್ರೆಡ್ಡು ಬೇಕು ಅಂತ ಕೇಳುತ್ತಿದ್ದಾರಂತೆ. ಅಮ್ಮ ಪ್ಯಾಕೆಟ್ಟಿನದ್ದು ತಂದು ಮಾಡಿಕೊಟ್ಟರೆ “ಇದಲ್ಲ” ಅಂದರಂತೆ. ಅಮ್ಮನಿಗೆ ಫೋನಿನಲ್ಲಿ ಹೇಳಿಕೊಡಬೇಕು. ಬರೆಯುತ್ತೀರಾ?
— ಓದುಗರು, ಪುಣೆ

ಬರೆಯುತ್ತೇನೆ ತಮ್ಮಾ. ನಿಮ್ಮಪ್ಪ ಕೇಳುತ್ತಿರುವುದು ನನಗೆ ಗೊತ್ತು. ನಮ್ಮ ಮನೆಗಳಿಗೆ ಬ್ರೆಡ್ಡು ಒಳಗೆ ಬರುತ್ತಿದ್ದದ್ದೇ ಜ್ವರದ ಬಾಗಿಲಿನಿಂದ. ನಾನು ಸಣ್ಣವಳಿದ್ದಾಗ ನಮ್ಮ ಅಡುಗೆಮನೆಯ ಒಳಗೆ ಅದಕ್ಕೆ ಪ್ರವೇಶವೇ ಇರಲಿಲ್ಲ. ಪೇಟೆಯಿಂದ ತಂದ ಬ್ರೆಡ್ಡು ಚಾವಡಿಯ ಗೂಡಿನಲ್ಲಿ, ಮೋಸಂಬಿಯ ಪಕ್ಕ, ಮೇಣದ ಕಾಗದದಲ್ಲಿ ಇರುತ್ತಿತ್ತು. ಜ್ವರ ಇಲ್ಲದವರು ಮುಟ್ಟುವ ಹಾಗಿಲ್ಲ. ಬ್ರೆಡ್ಡಿನ ಆಸೆಗೆ ನಾನು ಒಮ್ಮೆ ಜ್ವರ ಅಂತ ಸುಳ್ಳು ಹೇಳಿ ಮಲಗಿದ್ದೆ. ಅಜ್ಜ ಹಣೆ ಮುಟ್ಟಿ ನೋಡಿ ಕಷಾಯ ಕೊಟ್ಟರು. ಬ್ರೆಡ್ಡು ಸಿಗಲಿಲ್ಲ.

ಆಗಿನ ಬ್ರೆಡ್ಡು ಈಗಿನಷ್ಟು ಸಿಹಿಯೂ ಅಲ್ಲ, ಹತ್ತಿಯ ಹಾಗೂ ಅಲ್ಲ. ಹಾಲಿಗೆ ಹಾಕಿದರೆ ಕರಗಿ ಗಂಜಿಯಾಗುತ್ತಿರಲಿಲ್ಲ, ನೆನೆದರೂ ತುಂಡು ತುಂಡಾಗಿಯೇ ಇರುತ್ತಿತ್ತು. ಅವರು “ಇದಲ್ಲ” ಅಂದದ್ದು ಅದಕ್ಕೇ ಇರಬೇಕು.

ಅಮ್ಮನಿಗೆ ಮೇಲ್ಗಡೆ ಕೊಟ್ಟ ಅಳತೆಯೇ ಸಾಕು. ಸಕ್ಕರೆ ಮಾತ್ರ ಒಂದು ಟೀ ಚಮಚಕ್ಕೆ ಇಳಿಸಲಿ. ಅವರಿಗೆ ಹತ್ತು ನಿಮಿಷ ನಾದಲು ಕೈ ನೋಯಬಹುದು. ಕಲಸಿ ಇಪ್ಪತ್ತು ನಿಮಿಷ ಬಿಟ್ಟು ನಾಲ್ಕು ಸಲ ಮಡಚಲಿ, ಮತ್ತೆ ಇಪ್ಪತ್ತು ನಿಮಿಷ ಬಿಟ್ಟು ನಾಲ್ಕು ಸಲ. ಹೀಗೆ ಮೂರು ಬಾರಿ. ಹಿಟ್ಟು ತಾನೇ ಅರ್ಧ ಕೆಲಸ ಮಾಡಿಕೊಳ್ಳುತ್ತದೆ. ಕುಕ್ಕರಿನಲ್ಲಿ ಬೇಯಿಸಲಿ. ಫೋನಿನಲ್ಲಿ ಹೇಳುವಾಗ ಗ್ರಾಂ ಲೆಕ್ಕ ಬೇಡ. ಮನೆಯ ಯಾವ ಲೋಟಕ್ಕೆ ಎಷ್ಟು ಹಿಡಿಯುತ್ತದೆ ಅಂತ ಮೊದಲು ಕೇಳಿಕೊಂಡು ಲೋಟದಲ್ಲೇ ಹೇಳಿ.

ಮಾಡಿದ ದಿನವೇ ಹಾಲಿಗೆ ಹಾಕಬಾರದು, ಒಂದು ರಾತ್ರಿ ಕಳೆಯಲಿ. ಮರುದಿನ ಅಂಚು ತೆಗೆದು ಬೆರಳಗಲದ ತುಂಡು ಮಾಡಿ ಕಾವಲಿಯಲ್ಲಿ ತುಪ್ಪ ಇಲ್ಲದೆ ಒಣಗಿಸಿದ ಹಾಗೆ ಬಿಸಿ ಮಾಡಲಿ. ಕಂಚಿನ ಬಟ್ಟಲಿದ್ದರೆ ಅದರಲ್ಲೇ ಹಾಕಲಿ. ಹಾಲು ಕುದಿದು ಇಳಿಸಿ ಸ್ವಲ್ಪ ಆರಿದ ಮೇಲೆ ಸುರಿಯಲಿ, ಸಕ್ಕರೆ, ಕುಟ್ಟಿದ ಏಲಕ್ಕಿ, ಎರಡು ಕಾಳು ಕರಿಮೆಣಸಿನ ಪುಡಿ. ಮೆಣಸು ಬಿಡಬೇಡಿ, ಜ್ವರದ ಹಾಲಿಗೆ ಅದು ಇರುತ್ತಿತ್ತು. ಎರಡು ನಿಮಿಷ ನೆನೆದರೆ ಸಾಕು. ಅಪ್ಪ ನೆಟ್ಟಗೆ ಕೂತು ತಿನ್ನಲಿ, ಮಲಗಿದಲ್ಲಿಗೆ ಕೊಡಬಾರದು. ಚಮಚ ಬೇಡ, ಕೈಯಲ್ಲೇ ತಿನ್ನುತ್ತೇನೆ ಅಂದರೆ ಬಿಡಿ.

ತೆಗೆದ ಅಂಚನ್ನು ತುಪ್ಪದಲ್ಲಿ ಹುರಿದು ಉಪ್ಪು, ಮೆಣಸಿನ ಹುಡಿ ಹಾಕಿ ಅಮ್ಮ ತಿನ್ನಲಿ. ನಾದಿದವರು ಅವರಲ್ವಾ?